ಎದುರು ಪಾರ್ಟಿಯ ಮೇಡಂ

ಅವರು ನಿವೃತ್ತರಾಗಿ ಮೂರು ವಾರವಾಯಿತು. ಶಾಲೆಯ ವಾರ್ಷಿಕ ಸಂಚಿಕೆಯ ಹೊಣೆ ಹೊತ್ತಿರುವ ಕನ್ನಡ ಮೇಷ್ಟ್ರು ನನ್ನ ಮೇಜಿನ ಮೇಲೆ ಎರಡು ಬಿಳಿ ಹಾಳೆ ಇಟ್ಟು, "ಸಾರ್, ಮೇಡಂ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡಿ. ಹನ್ನೊಂದು ವರ್ಷ ಅವರ ಪಕ್ಕದ ಕ್ಲಾಸಲ್ಲಿ ಇದ್ದೋರು ನೀವೇ ಅಲ್ವ?" ಎಂದು ಹೇಳಿ ಹೋದರು. ಹಾಳೆ ಇನ್ನೂ ಬಿಳಿಯಾಗಿಯೇ ಇದೆ. ಒಳ್ಳೆಯ ಮಾತಿಗೆ ಬರವಿಲ್ಲ, ಹುಡುಕಿದರೆ ನಾಲ್ಕಲ್ಲ ನಲವತ್ತು ಸಿಗುತ್ತವೆ. ಆದರೆ ಹನ್ನೊಂದು ವರ್ಷ ಆ ಹೆಂಗಸು ನನ್ನ ತಲೆ ತಿಂದಿದ್ದಾರೆ. ಆ ಸಿಟ್ಟನ್ನು ಮೊದಲು ಎಲ್ಲಾದರೂ ಕಕ್ಕದೆ ಒಳ್ಳೆಯದನ್ನು ಬರೆಯಲು ಕೈ ಏಳುತ್ತಿಲ್ಲ. ಆದ್ದರಿಂದ ಇದು ವಾರ್ಷಿಕ ಸಂಚಿಕೆಗಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ತೋರಿಸುತ್ತಾರೆ, ತೋರಿಸಿದರೆ ಅವರು ಓದುತ್ತಾರೆ, ಓದಿದರೆ ಫೋನ್ ಮಾಡುತ್ತಾರೆ. ಮಾಡಿ, ನನ್ನ ದೂರುಗಳನ್ನು ನನಗಿಂತ ಚೆನ್ನಾಗಿ ನನಗೇ ಒಪ್ಪಿಸುತ್ತಾರೆ. ಅದನ್ನು ತಡೆದುಕೊಳ್ಳುವ ಶಕ್ತಿ ಈ ವಯಸ್ಸಿನಲ್ಲಿ ನನಗಿಲ್ಲ.

ನಮ್ಮದು ಮೈಸೂರಿನ ವಿಜಯನಗರದ ಕಡೆಯ ಒಂದು ಅನುದಾನಿತ ಪ್ರೌಢಶಾಲೆ. ನಾನು ಗಣಿತದವನು, ಅವರು ಸಮಾಜ ವಿಜ್ಞಾನದವರು. ನಮ್ಮಿಬ್ಬರ ಕ್ಲಾಸುಗಳ ನಡುವೆ ಇದ್ದದ್ದು ಗೋಡೆಯಲ್ಲ, ಹಲಗೆಯ ತಡಿಕೆ. ಹಿಂದೆ ಅದೊಂದೇ ದೊಡ್ಡ ಹಾಲ್ ಆಗಿತ್ತಂತೆ. ಮಕ್ಕಳು ಹೆಚ್ಚಾದ ಮೇಲೆ ಯಾರೋ ಪುಣ್ಯಾತ್ಮರು ನಡುವೆ ಹಲಗೆ ಹೊಡೆಸಿ ಎರಡು ಮಾಡಿದರು. ಆ ಕಡೆ ಸೀಮೆಸುಣ್ಣ ಬಿದ್ದರೂ ಈ ಕಡೆ ಕೇಳುತ್ತಿತ್ತು.

ಹತ್ತನೇ ಕ್ಲಾಸಿಗೆ ಎರಡು ಮಹಾಯುದ್ಧಗಳ ಪಾಠವಿದೆ, ವಿದೇಶಾಂಗ ನೀತಿಯಿದೆ, ವಿಶ್ವಸಂಸ್ಥೆಯಿದೆ. ಉಳಿದವರು ಏನು ಮಾಡುತ್ತಾರೆ? ಕಾರಣಗಳು ಐದು, ಪರಿಣಾಮಗಳು ಆರು ಎಂದು ಬೋರ್ಡಿನ ಮೇಲೆ ಬರೆದು, ಬಾಯಿಪಾಠ ಮಾಡಿಸಿ, ಅಂಕ ಕೊಡಿಸಿ ಕಳಿಸುತ್ತಾರೆ. ಇವರಿಗೆ ಅದು ಸಾಲಲಿಲ್ಲ. ಶುಕ್ರವಾರದ ಕೊನೆಯ ಪಿರಿಯಡ್ಡನ್ನು ಯುದ್ಧ ಬೇಕೋ ಬೇಡವೋ ಎಂಬ ಚರ್ಚೆಗೆ ಮೀಸಲಿಟ್ಟರು. ಚರ್ಚೆಗೆ ಒಂದೇ ನಿಯಮ. ಯಾರು ಏನು ಬೇಕಾದರೂ ವಾದಿಸಲಿ, ಆದರೆ ತನ್ನ ಮಾತು ಶುರು ಮಾಡುವ ಮುಂಚೆ ಎದುರಿನವನ ಮಾತನ್ನು ಅವನಿಗೆ ಒಪ್ಪಿಗೆಯಾಗುವಂತೆ ಹೇಳಬೇಕು. ಹೇಳಿ, "ಸರಿಯಾಗಿ ಹೇಳಿದ್ನಾ?" ಎಂದು ಕೇಳಬೇಕು. ಅವನು "ಹೌದು, ನನ್ನ ಮಾತು ಇದೇ" ಎಂದರೆ ಮಾತ್ರ ಇವನ ಸರದಿ. ಅವನು ಒಪ್ಪದಿದ್ದರೆ ಮತ್ತೆ ಮೊದಲಿಂದ.

ಕೇಳುವುದಕ್ಕೆ ಎಷ್ಟು ಚೆಂದ! ತಡಿಕೆಯ ಈ ಕಡೆ ಕೂತು ಕೇಳಬೇಕಿತ್ತು ನೀವು. ನಾನು ವೃತ್ತಕ್ಕೆ ಸ್ಪರ್ಶಕ ಎಳೆದು, ಇನ್ನೇನು ಪ್ರಮೇಯದ ಸಾಧನೆಗೆ ಕೈ ಹಾಕಬೇಕು, ಆ ಕಡೆಯಿಂದ "ಅಲ್ಲ ಮಿಸ್, ನಾನು ಹಂಗೆ ಹೇಳೇ ಇಲ್ಲ!" ಎಂದು ಒಬ್ಬ ಅರಚುತ್ತಿದ್ದ. "ಹಂಗೇ ಹೇಳ್ದೆ ಕಣೋ!" ಎಂದು ಇಪ್ಪತ್ತು ಜನ. ಅದು ತಣ್ಣಗಾಗುವ ಹೊತ್ತಿಗೆ ನನ್ನ ಕ್ಲಾಸಿನ ಅರ್ಧ ಮಕ್ಕಳು ಆ ಕಡೆಯ ಯುದ್ಧದಲ್ಲಿ ಯಾವುದೋ ಒಂದು ದೇಶ ಸೇರಿಯಾಗಿರುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಮಾಡಿದವನು ನಮ್ಮ ಶಾಲೆಗೆ ಶುಕ್ರವಾರ ಬಂದಿರಲಿಲ್ಲ.

ಒಮ್ಮೆ ತಡೆಯಲಾರದೆ ತಡಿಕೆ ಬಡಿದೆ. ಅವರೇ ಹೊರಗೆ ಬಂದರು. ಮಾಸಲು ಹತ್ತಿಯ ಸೀರೆ, ಮೊಣಕೈಯವರೆಗೆ ಸೀಮೆಸುಣ್ಣ, ಎಡಗೈಗೆ ಗಂಡಸರ ವಾಚು. ಆ ವಾಚನ್ನು ಅವರು ನೋಡಿದ್ದು ನಾನಂತೂ ಕಂಡಿಲ್ಲ. "ಸಾರ್, ನಮ್ಮ ಗಲಾಟೇಲಿ ನಿಮ್ಮ ಪಾಠ ಕೆಡ್ತಾ ಇದೆ. ಪರೀಕ್ಷೆ ಹತ್ರ ಬಂತು. ಗಣಿತದಲ್ಲಿ ಹೋದ್ರೆ ಮಕ್ಕಳ ವರ್ಷವೇ ಹೋಯ್ತು. ಮಾತಾಡೋದು ಆಮೇಲೂ ಕಲೀಬಹುದು, ಲೆಕ್ಕ ಈಗಲೇ ಕಲೀಬೇಕು. ಸರಿಯಾಗಿ ಹೇಳಿದ್ನಾ?" ಎಂದರು.

ನನ್ನ ಮನಸ್ಸಿನಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿತ್ತು. "ಹೌದು ಮೇಡಂ" ಎಂದೆ.

"ಹಾಗಾದ್ರೆ ಈಗ ನನ್ನ ಸರದಿ" ಎಂದು ಇಪ್ಪತ್ತು ನಿಮಿಷ ಮಾತಾಡಿದರು. ಸ್ಪರ್ಶಕದ ಪ್ರಮೇಯ ಮುಂದಿನ ವಾರಕ್ಕೆ ಹೋಯಿತು.

ಸ್ಟಾಫ್ ರೂಮಿನಲ್ಲೂ ಅದೇ ಚಾಳಿ. ಮಧ್ಯಾಹ್ನ ಡಬ್ಬಿ ತೆರೆದು ಕೂತಾಗ ಹಿಂದಿ ಮೇಡಂ ತಮ್ಮ ಅತ್ತೆಯ ಬಗ್ಗೆ ಎರಡು ಮಾತು ಆಡಿದರು ಎನ್ನಿ. ಯಾರಾದರೂ ಏನು ಮಾಡುತ್ತಾರೆ? "ಅಯ್ಯೋ ಪಾಪ" ಎಂದು ಒಂದು ತುತ್ತು ನುಂಗುತ್ತಾರೆ. ಇವರು ಚಿತ್ರಾನ್ನದ ಚಮಚ ಕೆಳಗಿಟ್ಟು ಅತ್ತೆಯ ಕಡೆಯ ವಾದ ಶುರು ಮಾಡುತ್ತಿದ್ದರು. ಮೂವತ್ತು ವರ್ಷ ತಾನು ಬೆಳಗಿದ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಈಗ ಸೊಸೆಯನ್ನು ಕೇಳಬೇಕಾದಾಗ ಆ ಮುದುಕಿಗೆ ಹೇಗಾಗಬೇಡ ಎಂಬಲ್ಲಿಗೆ ಬರುವ ಹೊತ್ತಿಗೆ ಹಿಂದಿ ಮೇಡಂ ಕಣ್ಣಲ್ಲಿ ನೀರು. ಅತ್ತೆಯ ಮೇಲಿನ ಮರುಕಕ್ಕಲ್ಲ, ಇವರ ಮೇಲಿನ ಕೋಪಕ್ಕೆ. ಆಮೇಲೆ ಒಂದು ತಿಂಗಳು ಅವರಿಬ್ಬರ ನಡುವೆ ಮಾತಿರಲಿಲ್ಲ. ಆ ತಿಂಗಳೆಲ್ಲ ಇವರು, "ಅವರು ಮಾತು ಬಿಟ್ಟಿದ್ದು ನ್ಯಾಯವೇ" ಎಂದು ನನಗೆ ಅವರ ಪರವಾಗಿ ವಿವರಿಸಿದರು.

ಚಾಮುಂಡಿ ಬೆಟ್ಟದ ಕಥೆ ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ. ಒಂದು ವರ್ಷ ಮಕ್ಕಳನ್ನು ಮೆಟ್ಟಿಲು ಹತ್ತಿಸಿಕೊಂಡು ಹೊರಟೆವು. ನಂದಿಯ ಹತ್ತಿರ ಬಂದಾಗ ಅರ್ಧ ಮಕ್ಕಳು ಇಲ್ಲೇ ಕೂತು ತಿಂಡಿ ತಿನ್ನೋಣ ಎಂದರು, ಇನ್ನರ್ಧ ಮೊದಲು ದೇವರ ದರ್ಶನ ಎಂದರು. "ನಡೀರಿ ಮೇಲೆ" ಎಂದು ಒಂದು ಗದರು ಹಾಕಿದ್ದರೆ ಮುಗಿಯುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಎರಡು ಪಾರ್ಟಿ ಮಾಡಿ ಕೂರಿಸಿಯೇ ಬಿಟ್ಟಿದ್ದರು. ಹಸಿದವರು ಭಕ್ತರ ವಾದವನ್ನೂ ಭಕ್ತರು ಹಸಿದವರ ವಾದವನ್ನೂ ಒಪ್ಪಿಸುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಲ್ಲಿ ಸೌತೆಕಾಯಿ ಮಾರುವ ಹೆಂಗಸು ಕೂಡ ವ್ಯಾಪಾರ ಬಿಟ್ಟು ಹಸಿದವರ ಪಾರ್ಟಿ ಸೇರಿದಳು. ಕೊನೆಗೆ ಎಲ್ಲರೂ ಒಮ್ಮತದಿಂದ ಮೇಲೆ ಹತ್ತಿದರೆ ದೇವಸ್ಥಾನದ ಬಾಗಿಲು ಹಾಕಿತ್ತು. ಬಿಸಿಲಲ್ಲಿ, ಬರಿಗಾಲಲ್ಲಿ, ಬಾಗಿಲು ತೆರೆಯುವವರೆಗೆ ಕಾದೆವು. ನಾನು ಮುಖ ಊದಿಸಿಕೊಂಡಿದ್ದನ್ನು ನೋಡಿ, "ಸಾರ್, ಒಬ್ರೂ ಹೊಡೆದಾಡಲಿಲ್ಲ ನೋಡಿ" ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಹೊಡೆಯಬೇಕೆನಿಸಿದ್ದು ಅವರಿಗೆ ಗೊತ್ತಾಗಲಿಲ್ಲ.

ಇನ್ನು ಪರೀಕ್ಷೆ. ಮೊದಲ ಮಹಾಯುದ್ಧಕ್ಕೆ ಕಾರಣಗಳೇನು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಎಂಟು ಸಾಲಿನ ಉತ್ತರವಿದೆ. ಇವರ ಮಕ್ಕಳು ಆಸ್ಟ್ರಿಯಾದ ಕಡೆ ಒಂದು ಪುಟ, ಸರ್ಬಿಯಾದ ಕಡೆ ಒಂದು ಪುಟ ಬರೆದು, ಜರ್ಮನಿಗೆ ಅನ್ಯಾಯವಾಗಬಾರದೆಂದು ಅದಕ್ಕೂ ಅರ್ಧ ಪುಟ ಕೊಟ್ಟು, ಭೂಪಟದ ಪ್ರಶ್ನೆಗೆ ಹೊತ್ತಿಲ್ಲದೆ ಎದ್ದು ಬರುತ್ತಿದ್ದರು. ಜಾಣ ಮಕ್ಕಳೇ ಹೀಗೆ ಅಂಕ ಕಳೆದುಕೊಂಡರೆ ಶಾಲೆಯ ಗತಿ? ಹಿಂದಿನ ಹೆಡ್ ಮಾಸ್ಟರು ಪ್ರತಿ ವರ್ಷ ಬೈಯುತ್ತಿದ್ದರು. ಪ್ರತಿ ವರ್ಷ ಇವರು, "ನೀವು ಹೇಳೋದು ಸರಿ ಸಾರ್, ಇನ್ನೂ ಒಂದು ಕಾರಣ ಬಿಟ್ಟುಬಿಟ್ರಿ" ಎಂದು ಅವರ ಬೈಗುಳಕ್ಕೇ ಒಂದು ಸೇರಿಸುತ್ತಿದ್ದರು.

ಅವರ ಹುಟ್ಟೂರು ನಂಜನಗೂಡಿನ ಆಚೆಯ ಒಂದು ಹಳ್ಳಿ. ಒಕ್ಕಲು ಮನೆತನ. ಪಾಠ ಮಾಡುವಾಗ ಪುಸ್ತಕದ ಭಾಷೆಯೇ ಬಂದರೂ, ರೇಗಿದರೆ ಊರು ಹೊರಬೀಳುತ್ತಿತ್ತು. "ಅಂಗಂದ್ರೆ ಎಂಗಪ್ಪ? ಅವ್ನೇನಂದ ಅಂತ ಕೇಳುಸ್ಕಳ್ದೇನೇ ಒಡ್ಯಕ್ ಓಯ್ತೀಯಾ?" ಎಂಬುದು ತಡಿಕೆ ದಾಟಿ ಬಂದರೆ ಆ ಕಡೆ ಯಾರಿಗೋ ಗ್ರಹಚಾರ ಬಿಡಿಸುತ್ತಿದ್ದಾರೆ ಎಂದು ನನ್ನ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಈ ಹುಚ್ಚು ಎಲ್ಲಿಂದ ಅಂಟಿತು ಎಂದು ಒಮ್ಮೆ ಕೇಳಿದ್ದೆ. ಅವರ ತಂದೆಗೂ ದೊಡ್ಡಪ್ಪನಿಗೂ ಹೊಲದ ಬದುವಿನ ವಿಷಯಕ್ಕೆ ಜಗಳವಾಗಿ ಸಾಯುವ ತನಕ ಮಾತಿರಲಿಲ್ಲವಂತೆ. "ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದೀನಿ ಸಾರ್, ಇನ್ನೊಬ್ಬ ಏನಂದಿದ್ದ ಅಂತ. ಇಬ್ರೂ ತಪ್ಪೇ ಹೇಳೋರು" ಎಂದರು. ಅದೇ ಕಾರಣವೋ ಅಥವಾ ಹುಟ್ಟುಗುಣವೋ ನಾನು ಕಾಣೆ.

ಅವರು ನಿಯಮ ಬಿಟ್ಟದ್ದನ್ನು ಒಂದೇ ಒಂದು ಸಲ ಕೇಳಿದ್ದೇನೆ. ಗೋಕುಲಂನಲ್ಲಿ ಅವರ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದ ಒಬ್ಬಾಕೆ ಬಾಡಿಗೆಗಿದ್ದಳು. ಯುದ್ಧ ನಡೆಯುತ್ತಿದ್ದ ದೇಶದವಳು. ಒಂದು ಶುಕ್ರವಾರ ಅವಳನ್ನು ಕ್ಲಾಸಿಗೆ ಕರೆತಂದರು. ಪರದೇಶದವರು ಶಾಲೆಗೆ ಬಂದರೆ ಯಾರಿಗೆ ತಿಳಿಸಬೇಕು, ಏನು ಬರೆದಿಡಬೇಕು ಎಂಬ ತಲೆನೋವೆಲ್ಲ ನಮಗೆ. ಆಕೆ ತನ್ನೂರು, ಮನೆ, ನೆಲಮಾಳಿಗೆಯಲ್ಲಿ ಮಲಗಿದ್ದು ಎಲ್ಲವನ್ನೂ ಹೇಳಿದಳು. ಇವರು ಕನ್ನಡಕ್ಕೆ ತಿರುಗಿಸಿ ಹೇಳಿದರು. ಒಬ್ಬ ಹುಡುಗಿ ಎದ್ದು, ಎದುರು ದೇಶದವರ ಮಾತೇನು, ಅದನ್ನೂ ಬಂದಿರುವ ಅತಿಥಿಯೇ ಹೇಳಲಿ ಎಂದಳು. ನಿಯಮವೇ ಅದಲ್ಲವೇ? ಆಕೆ ಪ್ರಯತ್ನಪಟ್ಟಳು, ಎರಡು ವಾಕ್ಯಕ್ಕೆ ನಿಂತಳು. ತಡಿಕೆಯ ಈ ಕಡೆ ನನಗೆ ಅಳು ಕೇಳಿಸಿತು. ಆಮೇಲೆ ಮೇಡಂ ದನಿ: "ಇವತ್ತು ಬೇಡ ಕಣಮ್ಮ. ಮನೆ ಉರೀತಿರೋರನ್ನ ಇದು ಕೇಳಬಾರದು. ಇವತ್ತು ನಾವು ಕೇಳುಸ್ಕೊಳ್ಳೋದಷ್ಟೇ." ಈ ಕಡೆ ನಾನೂ ಸೀಮೆಸುಣ್ಣ ಕೆಳಗಿಟ್ಟೆ.

ಈಗ ನಡೆದದ್ದನ್ನು ಬರೆಯಬೇಕು.

ಈ ವರ್ಷ ಹಿಂದಿನ ಹೆಡ್ ಮಾಸ್ಟರು ಹೋದ ಮೇಲೆ ಆಡಳಿತ ಮಂಡಳಿ ನನ್ನನ್ನು ಇನ್-ಚಾರ್ಜ್ ಮಾಡಿತ್ತು. ಕಾಯಂ ಮಾಡುವ ಕಾಗದ ಮಂಡಳಿಯ ಕಾರ್ಯದರ್ಶಿಗಳ ಮೇಜಿನ ಮೇಲಿತ್ತು. ಮೇಡಂ ನಿವೃತ್ತಿಗೆ ಎರಡೇ ತಿಂಗಳು ಬಾಕಿ. ಇಬ್ಬರೂ ಸುಮ್ಮನೆ ಕಾಲ ತಳ್ಳಿದ್ದರೆ ಸುಖವಾಗಿ ದಡ ಸೇರುತ್ತಿದ್ದೆವು. ಆ ಹೊತ್ತಿಗೆ ಸರಿಯಾಗಿ ಗಡಿಯ ಸುದ್ದಿ ಬಿಸಿಯಾಯಿತು. ಟೀವಿಯವರು ಬೆಳಗಿಂದ ಸಂಜೆಯವರೆಗೆ ಸೈರನ್ ಹಾಕತೊಡಗಿದರು. ಮಕ್ಕಳು ಕಾರಿಡಾರಿನಲ್ಲಿ ವಿಮಾನವಾಗಿ ಓಡಾಡತೊಡಗಿದರು.

ನಾನೇ ಅವರ ಕ್ಲಾಸಿಗೆ ಹೋಗಿ ಕೈಮುಗಿದೆ. "ಮೇಡಂ, ದಮ್ಮಯ್ಯ, ಈ ಎರಡು ಶುಕ್ರವಾರ ಯುದ್ಧದ ಮಾತು ಬೇಡ. ರಿವಿಷನ್ ಮಾಡಿಸಿ."

"ಈಗಲ್ಲದೆ ಇನ್ಯಾವಾಗ ಸಾರ್? ಹಸಿವಾದಾಗ ತಾನೇ ಅನ್ನ ಹಾಕೋದು?" ಎಂದರು.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮನೆಕೆಲಸ ಬೇರೆ ಕೊಟ್ಟರು. ತನಗೆ ಒಪ್ಪಿಗೆಯಿಲ್ಲದ ಕಡೆಯ ವಾದವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡು ಬರಬೇಕು ಎಂದು.

ಆ ಕ್ಲಾಸಿನಲ್ಲಿ ಪಲ್ಲವಿ ಎಂಬ ಹುಡುಗಿ. ಎನ್‌ಸಿಸಿ ಪೆರೇಡಿನಲ್ಲಿ ಮುಂದೆ ನಿಲ್ಲುವವಳು, ಮುಂದೆ ಸೈನ್ಯ ಸೇರುತ್ತೇನೆ ಎನ್ನುವವಳು. ಒಂದೇ ಏಟಿಗೆ ಹೊಡೆದು ಮುಗಿಸಬೇಕು ಎಂಬುದು ಅವಳ ಪಕ್ಷ. ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಅವಳಿಗೆ ಯಾವುದನ್ನೂ ಅರ್ಧ ಮನಸ್ಸಿನಿಂದ ಮಾಡಿ ಗೊತ್ತಿಲ್ಲ. ನಡುಮನೆಯಲ್ಲಿ ನಿಂತು, ಸೈನ್ಯ ಕಳಿಸಿದ್ದೇ ತಪ್ಪು, ಮಾತುಕತೆಗೆ ಕೂರಬೇಕಿತ್ತು ಎಂದು ಭಾಷಣ ಬಿಗಿದಳು. ಅವಳ ತಂದೆ ವಿಜಯನಗರದಲ್ಲೇ ಕಿಟಕಿ ಗ್ರಿಲ್ ಮಾಡುವ ಅಂಗಡಿ ಇಟ್ಟವರು. ಕೆಲಸ ಮುಗಿಸಿ ಮನೆಯೊಳಗೆ ಕಾಲಿಡುವಾಗ ಕಿವಿಗೆ ಬಿದ್ದದ್ದು ಇದು. ಹಿಂದಿಲ್ಲ, ಮುಂದಿಲ್ಲ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು, ಬಡಾವಣೆಯ ಗ್ರೂಪಿಗೆ ಹಾಕಿದರು, ಮರುದಿನ ಬೆಳಿಗ್ಗೆ ಇಬ್ಬರು ನೆರೆಯವರನ್ನೂ ಮಗಳನ್ನೂ ಕರೆದುಕೊಂಡು ನನ್ನ ಕೋಣೆಗೆ ಬಂದರು.

"ಸಾರ್, ನನ್ ತಮ್ಮ ಮಿಲ್ಟ್ರಿಲವ್ನೆ. ಗಡಿಲವ್ನೆ. ಐದ್ ದಿನ ಆಯ್ತು, ಫೋನಿಲ್ಲ. ನಮ್ಮವ್ವ ಅನ್ನ ಬುಟ್ಟವ್ಳೆ" ಎಂದರು. "ಇಂತಾ ಟೈಮಲ್ಲಿ ನನ್ ಮಗ್ಳು ಮನೇಲಿ ನಿಂತ್ಕಂಡು ಇಂಗಂತಾಳೆ. ಏನ್ ಸಾರ್ ಕಲ್ಸ್ತಿದ್ದೀರಿ ಇಲ್ಲಿ?"

"ಅಪ್ಪ, ಅದು ನನ್ ಮಾತಲ್ಲ ಅಂತ ಆಗ್ಲಿಂದ ಹೇಳ್ತಿದ್ದೀನಿ. ಎದುರು ಪಾರ್ಟಿ ಮಾತು" ಎಂದಳು ಪಲ್ಲವಿ.

"ಎದುರು ಪಾರ್ಟಿ ಮಾತು ನನ್ ಮನೇಲಿ ಯಾಕವ್ವ ಬೇಕು?"

ಆಗಲೇ ನಾನು ವಿವರಿಸಬಹುದಿತ್ತು. ಆ ಪಿರಿಯಡ್ಡಿನ ಪ್ರತಿ ಅಕ್ಷರ ಹನ್ನೊಂದು ವರ್ಷದಿಂದ ನನ್ನ ಕಿವಿಗೆ ಬಿದ್ದಿದೆ, ಅದು ಅಭ್ಯಾಸ, ನಿಮ್ಮ ಮಗಳ ಸ್ವಂತ ಮಾತು ಕೇಳಿದರೆ ನೀವೇ ಬೆನ್ನು ತಟ್ಟುತ್ತೀರಿ ಎನ್ನಬಹುದಿತ್ತು. ನೆರೆಯವರಲ್ಲಿ ಒಬ್ಬರು ನನ್ನ ಮುಖಕ್ಕೇ ಫೋನ್ ಹಿಡಿದಿದ್ದರು. "ಕ್ರಮ ತಗೋತೀವಿ" ಎಂದೆ. ಆ ಸಂಜೆಯೇ ಮೇಡಂಗೆ ನೋಟಿಸು ಕೊಟ್ಟೆ, ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು ಎಂದು.

ಕೊಟ್ಟರು. ನಾಲ್ಕು ಹಾಳೆ, ದುಂಡು ಅಕ್ಷರ. ಓದುತ್ತ ಹೋದಂತೆ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ನಾಲ್ಕು ಹಾಳೆಯಲ್ಲಿ ಅವರ ಪರವಾಗಿ ಒಂದು ಅಕ್ಷರವಿಲ್ಲ! ಎಲ್ಲವೂ ಗ್ರಿಲ್ ಅಂಗಡಿಯವರ ಕಡೆಯ ವಾದ. ತಮ್ಮನ ಫೋನಿಗೆ ಕಾಯುತ್ತಿರುವ ಮನೆಯಲ್ಲಿ ಮಾತಿಗೆ ಬೇರೆ ತೂಕವಿರುತ್ತದೆ. ಹೋದವನು ಹೋದದ್ದೇ ತಪ್ಪು ಎಂದು ಮಗುವಿನ ಬಾಯಲ್ಲಿ ಕೇಳಿದರೆ ಅವನು ಬರದೇ ಹೋದರೆ ಪಡಬೇಕಾದ ದುಃಖವನ್ನೂ ಯಾರೋ ಮೊದಲೇ ಕಿತ್ತುಕೊಂಡಂತೆ ಆಗುತ್ತದೆ. ಮನೆಗೆ ಯಾವ ಮನೆಕೆಲಸ ಹೋಗುತ್ತಿದೆ ಎಂದು ಮನೆಯವರಿಗೆ ತಿಳಿಸದಿದ್ದದ್ದು ಶಿಕ್ಷಕಿಯ ತಪ್ಪು. ಹೀಗೇ ಸಾಗಿತ್ತು. ಕೊನೆಯಲ್ಲಿ ಮೂರು ಸಾಲು: "ಮೇಲಿನದು ಪೋಷಕರ ಮಾತು. ಇದನ್ನು ನಾನು ಸರಿಯಾಗಿ ಹೇಳಿದ್ದೇನೆಯೇ ಎಂದು ದಯವಿಟ್ಟು ಅವರನ್ನೇ ಕೇಳಬೇಕು. ಅವರು ಹೌದು ಎಂದ ಮೇಲೆ ನನ್ನ ಮಾತು ಹೇಳುತ್ತೇನೆ."

ಹಾಳೆ ಹಿಡಿದುಕೊಂಡು ಅವರ ಕ್ಲಾಸಿಗೆ ಓಡಿದೆ. "ಮೇಡಂ, ಇದೇನು ಸಮಜಾಯಿಷಿಯಾ, ತಪ್ಪೊಪ್ಪಿಗೆಯಾ? ನಿಮ್ಮನ್ನ ನೀವೇ ಗಲ್ಲಿಗೆ ಹಾಕ್ಕೊಂಡಿದ್ದೀರಿ. ಇದು ಹತ್ತನೇ ಕ್ಲಾಸಲ್ಲ, ಕಮಿಟಿ. ಇಲ್ಲಿ ನಿಮ್ಮ ಕಡೆ ಮಾತೇ ಮೊದಲು ಹೇಳ್ಬೇಕು. ಬೇರೆ ಬರೀರಿ."

"ಮಕ್ಕಳಿಗೊಂದು ನಿಯಮ, ನನಗೊಂದಾ ಸಾರ್?"

"ಈ ಒಂದು ಸಲ!"

"ಅಂಗಾಗಕಿಲ್ಲ ಸಾರ್" ಎಂದರು. ಊರ ಭಾಷೆ ಬಂತೆಂದರೆ ಮುಗಿಯಿತು, ಬ್ರಹ್ಮ ಬಂದರೂ ಅಲ್ಲಾಡಿಸಲಾರ ಎಂದು ನನಗೆ ಗೊತ್ತಿತ್ತು. ಹಾಳೆಗಳನ್ನು ಹಾಗೆಯೇ ಕಳಿಸಿದೆ.

ಶನಿವಾರ ಕಾರ್ಯದರ್ಶಿಗಳ ಕೋಣೆಯಲ್ಲಿ ಸಭೆ. ಕಾರ್ಯದರ್ಶಿಗಳು, ನಾನು, ಮೇಡಂ, ಪಲ್ಲವಿಯ ತಂದೆ. ತಮ್ಮನಿಂದ ಇನ್ನೂ ಫೋನ್ ಬಂದಿರಲಿಲ್ಲ. ಆ ಮನುಷ್ಯ ಶೇವ್ ಮಾಡಿಕೊಳ್ಳದೆ ಎಷ್ಟು ದಿನವಾಗಿತ್ತೋ. ಕಾರ್ಯದರ್ಶಿಗಳು ನಾಲ್ಕು ಹಾಳೆಯನ್ನು ಅವರ ಕೈಗೆ ಕೊಟ್ಟು, "ನೋಡಿ, ಎಲ್ಲ ಒಪ್ಕೊಂಡಿದ್ದಾರೆ" ಎಂದರು. ಅವರು ತುಟಿ ಅಲ್ಲಾಡಿಸುತ್ತ ನಿಧಾನಕ್ಕೆ ಓದಿದರು. ಎರಡನೇ ಹಾಳೆಯಲ್ಲಿ ನಿಂತರು, ಮತ್ತೆ ಓದಿದರು. ಅಂಗೈಯಿಂದ ಮುಖ ಒರೆಸಿಕೊಂಡರು.

"ಇದೇಯ ಸಾರ್" ಎಂದರು. "ನಾ ಯೋಳ್ಬೇಕು ಅಂದ್ಕಂಡಿದ್ದು ಇದೇಯ. ನಂಗೆ ಇಷ್ಟು ಚೆನ್ನಾಗಿ ಯೋಳಕ್ಕೆ ಬತ್ತಿರ್ನಿಲ್ಲ."

ಮೇಡಂ ಕುರ್ಚಿಯಲ್ಲಿ ನೆಟ್ಟಗಾದರು. "ಹಾಗಾದ್ರೆ ಈಗ ನನ್ನ—"

"ಸಾಕು ಬಿಡೀಮ್ಮ" ಎಂದರು ಕಾರ್ಯದರ್ಶಿಗಳು. "ಇವರೂ ಇದೇ ಅಂತಾರೆ, ನೀವೂ ಇದೇ ಅಂತ ಬರ್ಕೊಟ್ಟಿದ್ದೀರಿ. ಇನ್ನೇನು ಹೇಳೋಕಿದೆ?"

"ಅಲ್ಲ ಸಾರ್, ಮೇಡಮ್ನೋರು ಏನೋ ಯೋಳಕ್ ಬಂದ್ರಲ್ಲ. ಕೇಳನ" ಎಂದರು ಪಲ್ಲವಿಯ ತಂದೆ.

ದೂರು ಕೊಟ್ಟವರೇ ಹಾಗೆಂದರು. ಕಾರ್ಯದರ್ಶಿಗಳು ಗಡಿಯಾರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಏನ್ರೀ ಇನ್-ಚಾರ್ಜು, ನಿಮ್ಮದೇನು?" ಎಂದರು. ಅವರ ಕ್ಲಾಸಿನ ಮಾತುಗಳನ್ನು ಹನ್ನೊಂದು ವರ್ಷ ಕೇಳಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಎಲ್ಲವನ್ನೂ ಹೇಳಬೇಕಾಗಿರಲಿಲ್ಲ. ಅವರ ಸರದಿ ಬಂದಿದೆ, ಮಾತಾಡಲು ಬಿಡಿ ಎಂದಿದ್ದರೆ ಸಾಕಿತ್ತು. ಮೇಡಂ ನನ್ನ ಮುಖ ನೋಡಲಿಲ್ಲ. ನಾನು ಫೈಲಿನ ದಾರ ಬಿಚ್ಚಿ ಕಟ್ಟುತ್ತ, "ಸಂಸ್ಥೆ ಹೇಗೆ ಹೇಳುತ್ತೋ ಹಾಗೆ ಸಾರ್" ಎಂದೆ.

ಶುಕ್ರವಾರದ ಪಿರಿಯಡ್ಡು ನಿಂತಿತು. ಅವರ ಸರ್ವೀಸ್ ರಿಜಿಸ್ಟರಿನಲ್ಲಿ ಒಂದು ಎಚ್ಚರಿಕೆ ಬಿತ್ತು, ಮೂವತ್ತೆರಡು ವರ್ಷದಲ್ಲಿ ಮೊದಲನೆಯದು. ಅದನ್ನು ಬರೆದದ್ದು ನನ್ನ ಕೈ. ಹತ್ತನೇ ಕ್ಲಾಸನ್ನು ಅವರಿಂದ ತೆಗೆದು ಎಂಟನೇ ಕ್ಲಾಸು ಕೊಟ್ಟೆವು. ಸೋಮವಾರ ಪಲ್ಲವಿಯ ಚಿಕ್ಕಪ್ಪ ಗಡಿಯಿಂದ ಮನೆಗೆ ಫೋನ್ ಮಾಡಿದ, ಅವನಿಗೇನೂ ಆಗಿರಲಿಲ್ಲ. ಅವಳ ತಂದೆ ಒಂದು ಡಬ್ಬಿ ಮೈಸೂರು ಪಾಕ್ ತಂದು ಮೇಡಂ ಎಲ್ಲಿ ಎಂದು ಕೇಳಿಕೊಂಡು ನೇರ ಎಂಟನೇ ಕ್ಲಾಸಿಗೆ ಹೋದರು, ನನ್ನ ಕೋಣೆಗೆ ಬರಲಿಲ್ಲ. ತಡಿಕೆಯ ಆ ಕಡೆ ಈಗ ಹೊಸ ಮೇಷ್ಟ್ರು ಕಾರಣಗಳು ಐದು ಎಂದು ಬರೆಸುತ್ತಿದ್ದರು. ನನ್ನ ಪಾಠ ಎಷ್ಟು ಸರಾಗವಾಗಿ ಸಾಗಿತೆಂದರೆ ಹದಿನೈದು ದಿನ ಮೊದಲೇ ಪೋರ್ಷನ್ ಮುಗಿಯಿತು. ಆ ಹದಿನೈದು ದಿನ ಏನು ಮಾಡಬೇಕೆಂದು ತೋಚದೆ ನನಗೆ ಇನ್ನೂ ರೇಗಿತು. ನನ್ನ ಕಾಯಂ ಆದೇಶವೂ ಬಂತು.

ಬೀಳ್ಕೊಡುಗೆಯ ದಿನ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ನಾನೇ ಭಾಷಣ ಮಾಡಿದೆ. ಸಮಯಪಾಲನೆಯನ್ನು ಹೊಗಳಿದೆ. ಮಕ್ಕಳು ನಕ್ಕರು. ಊಟವಾದ ಮೇಲೆ ಅವರು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ನಿಂತೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದು. ಬಾಯಿಗೆ ಬಂದದ್ದು ಸಿಟ್ಟು.

"ಆವತ್ತು ಸಭೇಲಿ, ಪಕ್ಕದ ಕ್ಲಾಸಲ್ಲಿ ಇದ್ದೋರನ್ನ ಕೇಳಿ ಅಂತ ನೀವು ಒಂದು ಮಾತು ಹೇಳಿದ್ರೆ ನಾನು ಹೇಳ್ತಿದ್ದೆ. ಯಾಕೆ ಹೇಳ್ಲಿಲ್ಲ ನೀವು?" ಎಂದೆ.

ಅವರು ನಲ್ಲಿ ನಿಲ್ಲಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡರು.

"ನಿಮಗಿಂತ ಚಿಕ್ಕೋರೆಲ್ಲ ಎಲ್ಲೆಲ್ಲೋ ಹೆಡ್ ಮಾಸ್ಟರಾದ್ರು. ನ್ಯಾಯವಾಗಿ ಆ ಕುರ್ಚಿ ನಿಮಗೆ ಯಾವಾಗ್ಲೋ ಬರಬೇಕಿತ್ತು. ಕಾಗದ ಅವರ ಮೇಜಿನ ಮೇಲಿತ್ತು. ನಾನು ಎರಡು ತಿಂಗಳಲ್ಲಿ ಹೋಗೋಳು, ನೀವು ಇನ್ನೂ ಆರು ವರ್ಷ ಅವರ ಕೈಕೆಳಗೆ ಇರೋರು. ನೀವು ಬಾಯಿ ಬಿಟ್ಟಿದ್ರೆ ನನಗಾಗೋ ಲಾಭ ಅಷ್ಟಕ್ಕಷ್ಟೇ, ನಿಮಗಾಗೋ ನಷ್ಟ ದೊಡ್ಡದು. ಮತ್ತೆ, ನಿಮಗೆ ಹೆದರಿಕೆಯೂ ಆಗಿತ್ತು. ಹೆದರಿದೋರನ್ನ ನಾಲ್ಕು ಜನರ ಮುಂದೆ ಎಬ್ಬಿಸಿ ನಿಲ್ಲಿಸೋದು ಸರಿಯಲ್ಲ." ಸ್ವಲ್ಪ ಹೊತ್ತು ಯೋಚಿಸಿದರು, ಏನಾದರೂ ಬಿಟ್ಟುಹೋಯಿತೇ ಎಂಬಂತೆ. "ಸರಿಯಾಗಿ ಹೇಳಿದ್ನಾ ಸಾರ್?"

ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನಾನು ನನಗೇ ರಾತ್ರಿಗಳಲ್ಲಿ ಹೇಳಿಕೊಂಡಿದ್ದ ಸಮಾಧಾನಗಳೆಲ್ಲ ಒಂದೂ ತಪ್ಪದೆ ಅದರಲ್ಲಿದ್ದವು.

"ಹೌದು ಮೇಡಂ. ನನ್ನ ಮಾತು ಇದೇ" ಎಂದೆ.

ಹೇಳಿ ಕಾದೆ. ಇಪ್ಪತ್ತು ನಿಮಿಷವಲ್ಲ, ಎರಡು ಗಂಟೆ ಬೈದರೂ ನಿಂತು ಕೇಳಲು ಸಿದ್ಧನಾಗಿದ್ದೆ. ಅವರು ಹಣ್ಣಿನ ಬುಟ್ಟಿ ಎತ್ತಿಕೊಂಡು, "ಬಿಸಿಲು ಜೋರಾಗಿದೆ, ಒಳಗೆ ಹೋಗಿ ಸಾರ್. ಪಾಯಸ ಚೆನ್ನಾಗಿದೆ, ಒಂದಿಷ್ಟು ತಿನ್ನಿ" ಎಂದು ಗೇಟಿನ ಕಡೆ ನಡೆದರು. ಹೊರಗೆ ಆಟೋ ನಿಂತಿತ್ತು.

"ಮೇಡಂ!" ಎಂದು ಕೂಗಿದೆ. ಊಟ ಮುಗಿಸಿ ಬರುತ್ತಿದ್ದ ಮಕ್ಕಳು ತಿರುಗಿ ನೋಡಿದರು, ಹಿಂದಿ ಮೇಡಂ ನೋಡಿದರು, ಕಾರ್ಯದರ್ಶಿಗಳೂ ತಮ್ಮ ಕಾರಿನ ಬಾಗಿಲು ಹಿಡಿದು ನಿಂತು ನೋಡಿದರು. "ಮೇಡಂ, ಈಗ ನಿಮ್ಮ ಸರದಿ!"

ಅವರು ಬುಟ್ಟಿಯನ್ನು ಸೀಟಿನ ಮೇಲಿಟ್ಟು, ಆಟೋ ಹತ್ತಿ ಹೊರಟುಹೋದರು.